ಬೆಳಿಗ್ಗೆ ಆರೂವರೆಯ ಮಧ್ಯಾಹ್ನದ ಊಟ

ತಪ್ಪೊಂದು ನನ್ನ ಕಣ್ಣಿಗೆ ಬಿದ್ದ ಮೇಲೆ ತಪ್ಪಾಗಿಯೇ ಬದುಕಿ ಉಳಿದ ಉದಾಹರಣೆ ಇಲ್ಲ. ಇದನ್ನು ನಾನು ಜಂಬದಿಂದ ಹೇಳುತ್ತೇನೆ. ನನ್ನನ್ನು ಬಲ್ಲವರು ಬೇಸರದಿಂದ ಹೇಳುತ್ತಾರೆ. ಮದುವೆಯ ಆಹ್ವಾನಪತ್ರಿಕೆ ಬಂದರೆ ಮೊದಲು ಕೆಂಪು ಪೆನ್ನನ್ನು ಹುಡುಕುತ್ತೇನೆ, ವಧೂವರರ ಹೆಸರನ್ನು ಆಮೇಲೆ ನೋಡುತ್ತೇನೆ. ಯಾರ ಮನೆಗೆ ಹೋದರೂ ಅವರ ಗೋಡೆ ಗಡಿಯಾರವನ್ನು ನನ್ನ ಕೈಗಡಿಯಾರದೊಂದಿಗೆ ತಾಳೆ ನೋಡುತ್ತೇನೆ. ವ್ಯತ್ಯಾಸ ಕಂಡರೆ, ಮನೆಯವರು ಒಳಗೆ ಕಾಫಿ ಬೆರೆಸುತ್ತಿರುವಾಗ ಸ್ಟೂಲು ಹತ್ತಿ ಮುಳ್ಳನ್ನು ಸರಿಪಡಿಸಿ, ಸದ್ದಿಲ್ಲದೆ ಇಳಿದು ಕುಳಿತುಬಿಡುತ್ತೇನೆ. ಉಪಕಾರ ಮಾಡಿದವನು ಅದನ್ನು ಹೇಳಿಕೊಳ್ಳಬಾರದು!

ತುಮಕೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡದ ಮೇಷ್ಟ್ರಾಗಿದ್ದ ನಾನು ಗುಜರಾತಿನ ವಡೋದರಕ್ಕೆ ಬಂದದ್ದು ಹೆಂಡತಿಯ ಕಾರಣದಿಂದ. ವಿಶಾಲಾಕ್ಷಿ ಬ್ಯಾಂಕಿನಲ್ಲಿ ಅಧಿಕಾರಿ. ಬಡ್ತಿ ಬಂದದ್ದು ಅವಳಿಗೆ, ವರ್ಗವಾದದ್ದು ಅವಳಿಗೆ. ರಾಜೀನಾಮೆ ಕೊಟ್ಟವನು ಮಾತ್ರ ನಾನು. ತೊಂಬತ್ತರ ದಶಕದ ವಡೋದರದಲ್ಲಿ ಕನ್ನಡ ವ್ಯಾಕರಣಕ್ಕೆ ಎಷ್ಟು ಬೇಡಿಕೆಯಿತ್ತು ಎಂಬುದನ್ನು ವಿವರಿಸಬೇಕಾಗಿಲ್ಲ. ಅವಳ ಸಹೋದ್ಯೋಗಿಗಳು, "ಸಾಹೇಬರು ಏನು ಮಾಡುತ್ತಾರೆ?" ಎಂದು ಕೇಳಿದಾಗಲೆಲ್ಲ ಅವಳು ಒಂದು ಕ್ಷಣ ತಡೆದು, "ಅವರು ಓದ್ತಾ ಬರೀತಾ ಇರ್ತಾರೆ" ಎನ್ನುತ್ತಿದ್ದಳು. ಆ ಒಂದು ಕ್ಷಣದ ತಡೆ ನನಗೆ ಚುಚ್ಚುತ್ತಿತ್ತು.

ಹೀಗಿರುವಾಗ ಎದುರುಮನೆಯ ಹಸಮುಖಭಾಯಿ ನನ್ನ ಪಾಲಿಗೆ ದೇವರಂತೆ ಒದಗಿಬಂದರು. ಊರಂಚಿನ ಮಕರಪುರದಲ್ಲಿ ವಿದ್ಯುತ್ ಫಲಕಗಳನ್ನು ತಯಾರಿಸುವ ಶೆಡ್ಡೊಂದು ಅವರಿಗಿತ್ತು. ಕಂಪ್ಯೂಟರ್ ಎಂಬ ಹೊಸ ಗಾಳಿ ಬೀಸಿದ್ದೇ ತಡ, ಶೆಡ್ಡಿನ ಅರ್ಧಕ್ಕೆ ಗಾಜಿನ ಗೋಡೆ ಕಟ್ಟಿಸಿ, ಏರ್‌ಕಂಡಿಷನರ್ ಹಾಕಿಸಿ, ನಾಲ್ಕು ಕಂಪ್ಯೂಟರ್‌ಗಳನ್ನು ಪ್ರತಿಷ್ಠಾಪಿಸಿದ್ದರು. ಒಳಗೆ ಹೋಗುವವರು ಚಪ್ಪಲಿಯನ್ನು ಹೊರಗೆ ಬಿಡಬೇಕಿತ್ತು. ಕಾಯಿ ಒಡೆಯುವುದೊಂದು ಬಾಕಿ!

"ಮಾಸ್ಟರ್‌ಜೀ," ಎಂದರು ಒಂದು ಸಂಜೆ, ತಮ್ಮ ಗುಜರಾತಿ ಬೆರೆತ ಹಿಂದಿಯಲ್ಲಿ. "ಸಮುದ್ರದ ಹಳೆಯ ಸರ್ವೆ ಕಾಗದಗಳು ಬಂದಿವೆ. ಅಹಮದಾಬಾದಿನ ಒಂದು ಆಫೀಸಿನವು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಬೇಕು. ಹುಡುಗಿಯರು ಟೈಪ್ ಮಾಡುತ್ತಾರೆ. ತಾಳೆ ನೋಡುವುದಕ್ಕೆ ಒಬ್ಬರು ಬೇಕು. ತಪ್ಪು ಹಿಡಿಯುವ ಮನುಷ್ಯ ಬೇಕು."

ತಪ್ಪು ಹಿಡಿಯುವ ಮನುಷ್ಯ! ನಾನು ಆ ಸಂಜೆಯೇ ಕೆಂಪು ಪೆನ್ನಿಗೆ ಹೊಸ ರೀಫಿಲ್ ಹಾಕಿಸಿದೆ.

ಕೆಲಸವೇನೆಂಬುದನ್ನು ಓದುಗರಿಗೂ ತಿಳಿಸಿಬಿಡುತ್ತೇನೆ. ಸಮುದ್ರದ ತಳದ ಕೆಳಗೆ ಎಣ್ಣೆಯೇನಾದರೂ ಇದೆಯೇ ಎಂದು ಹುಡುಕಲು ಹಡಗೊಂದು ನೇರ ಗೆರೆಯಲ್ಲಿ ಸಾಗುತ್ತದೆ. ಅದರ ಹಿಂದೆ ನೀರಿನಲ್ಲಿ ಗಾಳಿಯ ಬಂದೂಕುಗಳಿರುತ್ತವೆ. ಅವು ಆಗಾಗ ಢಂ ಎನ್ನುತ್ತವೆ. ಆ ಸದ್ದು ನೆಲದೊಳಕ್ಕೆ ಹೋಗಿ, ಬಂಡೆಗಳನ್ನು ತಟ್ಟಿ, ಮರಳಿ ಬರುತ್ತದೆ. ಯಾವ ಢಂ ಎಷ್ಟು ಗಂಟೆಗೆ ಆಯಿತೆಂದು ಒಂದು ಕೋಣೆಯವರು ಬರೆದಿಡುತ್ತಾರೆ. ಇದು ಸದ್ದಿನ ದಾಖಲೆ. ಎಷ್ಟು ಗಂಟೆಗೆ ಹಡಗು ಎಲ್ಲಿತ್ತೆಂದು ಇನ್ನೊಂದು ಕೋಣೆಯವರು ಬರೆದಿಡುತ್ತಾರೆ. ಇದು ದಾರಿಯ ದಾಖಲೆ. ಸದ್ದಿನವರಿಗೆ ಜಾಗ ಗೊತ್ತಿಲ್ಲ, ದಾರಿಯವರಿಗೆ ಸದ್ದು ಗೊತ್ತಿಲ್ಲ. ಇವೆರಡಕ್ಕೂ ಗಂಟು ಹಾಕುವುದು ಗಡಿಯಾರ. ಮುಹೂರ್ತ ಒಂದೇ ಆಗಿದ್ದರೆ ಮಾತ್ರ ಮದುವೆ.

ನಮಗೆ ಬಂದದ್ದು ಒಂದೇ ಗೆರೆಯ ದಾಖಲೆ, ಪರೀಕ್ಷಾರ್ಥವಾಗಿ. ಅದು ಒಪ್ಪಿಗೆಯಾದರೆ ಒಂದು ಕೋಣೆ ತುಂಬ ಕಟ್ಟಿಟ್ಟ ಹಳೆಯ ಕಾಗದಗಳೆಲ್ಲ ಮಕರಪುರಕ್ಕೆ ಬರುತ್ತವೆ. ಹಸಮುಖಭಾಯಿಯ ಗಾಜಿನ ಗುಡಿಗೆ ನಿತ್ಯಪೂಜೆ ನಡೆಯುತ್ತದೆ. ನನ್ನ ಕೆಲಸ ಕಾಯಂ ಆಗುತ್ತದೆ. ಆಗದಿದ್ದರೆ ಅವರು ಮರಳಿ ವಿದ್ಯುತ್ ಫಲಕಕ್ಕೆ, ನಾನು ಮರಳಿ "ಓದ್ತಾ ಬರೀತಾ" ಇರುವುದಕ್ಕೆ.

ಹಸಮುಖಭಾಯಿ ವಿಧಿಸಿದ ನಿಯಮ ಒಂದೇ. "ಮಾಸ್ಟರ್‌ಜೀ, ಮಕ್ಖೀ ಪೆ ಮಕ್ಖೀ! ಕಾಗದದ ಮೇಲೆ ನೊಣ ಸತ್ತು ಅಂಟಿಕೊಂಡಿದ್ದರೆ, ನಮ್ಮ ಪ್ರತಿಯಲ್ಲೂ ಒಂದು ನೊಣ ಹೊಡೆದು ಅಂಟಿಸಬೇಕು. ನಮ್ಮ ಬುದ್ಧಿ ನಮ್ಮ ಮನೆಯಲ್ಲಿ."

ನಾನು ನಕ್ಕು ತಲೆಯಾಡಿಸಿದೆ. ತಲೆಯಾಡಿಸಿದ್ದು ಮಾತ್ರ. ಜೀವಮಾನವೆಲ್ಲ ಮಕ್ಕಳ ನೊಣಗಳನ್ನು ಓಡಿಸಿದವನು ಈಗ ನೊಣ ಅಂಟಿಸಬೇಕೆ?

ಮೊದಲು ಬಂದದ್ದು ದಾರಿಯ ದಾಖಲೆ. ಬರೀ ಅಂಕಿಗಳು, ಅಕ್ಷಾಂಶ, ರೇಖಾಂಶ, ಗಂಟೆ, ನಿಮಿಷ. ಒಂದು ಅಕ್ಷರವಿಲ್ಲ, ಒಂದು ಚಿತ್ತಿಲ್ಲ. ಅಂಥ ಬರಹವನ್ನು ಓದುವುದೆಂದರೆ ನನಗೆ ಹಬ್ಬ. ಹುಡುಗಿಯರು ಟೈಪಿಸಿದ್ದನ್ನು ಸಾಲುಸಾಲಾಗಿ ತಾಳೆ ನೋಡಿ, ತಿದ್ದಿಸಿ, ಸಹಿ ಮಾಡಿದೆ. ಹಸಮುಖಭಾಯಿ ಅದನ್ನು ಫ್ಲಾಪಿಗೆ ಹಾಕಿ ಅಹಮದಾಬಾದಿಗೆ ಕಳುಹಿಸಿದರು.

ಆಮೇಲೆ ಬಂತು ಸದ್ದಿನ ದಾಖಲೆ. ಇದರಲ್ಲಿ ಕೊನೆಗೆ 'ಷರಾ' ಬರೆಯುವುದಕ್ಕೊಂದು ಕಾಲಮ್ ಇತ್ತು. ಬರೆದವನಿಗೆ ಕೈಬರಹ ಚೆನ್ನಾಗಿತ್ತು, ಶಿಸ್ತು ಸಾಲದು. ಬಂದೂಕು ಕೆಟ್ಟಿತು, ಗಾಳಿ ಹೆಚ್ಚಾಯಿತು ಎಂದೆಲ್ಲ ಬರೆಯಬೇಕಾದ ಜಾಗದಲ್ಲಿ ಆ ಮಹಾಶಯ ಊಟತಿಂಡಿಯ ವಿವರ ಬರೆದಿದ್ದ! 'ಮಧ್ಯಾಹ್ನದ ಊಟ. ಮೀನಿನ ಸಾರು.' ಪಕ್ಕದಲ್ಲಿ ಸಮಯ ನೋಡಿದೆ. ಬೆಳಿಗ್ಗೆ ಆರೂವರೆ.

ನಾನು ಕನ್ನಡಕ ಒರೆಸಿಕೊಂಡೆ. ಮತ್ತೆ ನೋಡಿದೆ. ಆರೂವರೆಯೇ. ಕೆಳಗೆ ಓದಿದೆ. ಸಂಜೆಯ ಚಹಾ: ಬೆಳಿಗ್ಗೆ ಹತ್ತೂವರೆ. ರಾತ್ರಿಯ ಊಟ: ಮಧ್ಯಾಹ್ನ ಎರಡೂವರೆ!

ಮಧ್ಯಾಹ್ನ ಎರಡೂವರೆಗೆ ರಾತ್ರಿಯ ಊಟ ಮಾಡುವ ಮನುಷ್ಯರು ಭೂಮಿಯ ಮೇಲಿಲ್ಲ. ನೀರಿನ ಮೇಲೂ ಇರಲಾರರು. ಹಾಗಾದರೆ ಕೆಟ್ಟಿರುವುದು ಏನು? ಗಡಿಯಾರ! ದಾರಿಯ ಕೋಣೆಯವರು ಅಷ್ಟು ಅಚ್ಚುಕಟ್ಟಾಗಿ ಬರೆದಿರುವಾಗ, ಮೀನಿನ ಸಾರಿನ ಧ್ಯಾನದಲ್ಲಿದ್ದ ಈ ಸದ್ದಿನ ಕೋಣೆಯವರು ತಮ್ಮ ಗಡಿಯಾರಕ್ಕೆ ಕೀಲಿ ಕೊಡುವುದನ್ನೇ ಮರೆತಿದ್ದಾರೆ. ಲೆಕ್ಕ ಹಾಕಿದೆ. ಆರೂವರೆಗೆ ಐದೂವರೆ ಗಂಟೆ ಕೂಡಿದರೆ ಹನ್ನೆರಡು. ಊಟಕ್ಕೆ ಪ್ರಶಸ್ತ! ಹತ್ತೂವರೆಗೆ ಐದೂವರೆ ಕೂಡಿದರೆ ಸಂಜೆ ನಾಲ್ಕು. ಚಹಾಕ್ಕೆ ಪ್ರಶಸ್ತ! ಎರಡೂವರೆಗೆ ಕೂಡಿದರೆ ರಾತ್ರಿ ಎಂಟು. ನನ್ನ ಮೈ ಝುಮ್ಮೆಂದಿತು. ಕೆಟ್ಟ ಗಡಿಯಾರವೂ ಎಷ್ಟು ಕ್ರಮಬದ್ಧವಾಗಿ ಕೆಟ್ಟಿದೆ! ಎಲ್ಲೆಲ್ಲೂ ಐದೂವರೆ ಗಂಟೆ, ಒಂದು ನಿಮಿಷವೂ ಹೆಚ್ಚುಕಡಿಮೆಯಿಲ್ಲ.

ಆ ಸಂಜೆ ಊಟದ ಮೇಜಿನ ಬಳಿ ಹೆಂಡತಿಗೆ ವಿಷಯ ತಿಳಿಸಿದೆ.

"ರೀ, ಹಸಮುಖಭಾಯಿನ ಒಂದ್ಮಾತು ಕೇಳ್ಬಿಡಿ," ಎಂದಳು ವಿಶಾಲಾಕ್ಷಿ, ಚಪಾತಿಗೆ ತುಪ್ಪ ಸವರುತ್ತ. "ಇದ್ದದ್ದು ಇದ್ದ ಹಾಗೆ ಅಂತ ಅವರು ಹೇಳಿದಾರೆ ತಾನೆ?"

"ಕೇಳಿದರೆ ಬೇಡವೆನ್ನುತ್ತಾರೆ."

"ಅದಕ್ಕೇ ಕೇಳಿ ಅಂದಿದ್ದು!"

"ನೋಡು, ಅಹಮದಾಬಾದಿನವರು ಇದನ್ನು ನೋಡಿದಾಗ, ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ತಪ್ಪನ್ನು ಹಿಡಿದವರು ಯಾರು ಎಂದು ತಾವೇ ಕೇಳುತ್ತಾರೆ. ಆಗ ನೋಡು."

"ನೋಡ್ತೀನಿ, ನೋಡ್ತೀನಿ. ನನ್ನ ತಮ್ಮನ ಮದುವೆ ಹತ್ತಿರ ಬಂತು. ಸೂರತ್ತಿಗೆ ಹೋಗಿ ಸೀರೆ ತರೋಣ ಅಂತ ಯುಗಾದಿಯಿಂದ ಹೇಳ್ತಾ ಇದೀನಿ. ಅದು ಮಾತ್ರ ನಿಮ್ಮ ಕಣ್ಣಿಗೆ ಬೀಳಲ್ಲ."

"ಈ ಕೆಲಸ ಮುಗಿಯಲಿ. ಸೂರತ್ ಎಲ್ಲಿಗೆ ಹೋಗುತ್ತದೆ?"

ಮಗಳು ಅನಘಾ ನಡುವೆ ಬಾಯಿ ಹಾಕಿದಳು. ಅವಳಿಗೆ ಮರುದಿನ ಭೂಗೋಳದ ಪರೀಕ್ಷೆ. ಅವಳ ಕನ್ನಡವೆಂದರೆ ಅರ್ಧ ಹಿಂದಿಗೆ ಕನ್ನಡದ ಬಾಲ. "ಅಪ್ಪಾ, ಯೇ ಗ್ರೀನ್‌ವಿಚ್ ವಾಲಾ ಸಮಝ್ ಮೇ ಬರ್ತಾ ಇಲ್ಲ."

ಕೈ ತೊಳೆದುಕೊಂಡು ಬಂದು ಅವಳಿಗೆ ಪಾಠ ಹೇಳಿದೆ. ಗ್ರೀನ್‌ವಿಚ್ ಎಂಬ ಊರಿನ ಕಾಲವೇ ಜಗತ್ತಿಗೆ ಅಳತೆಗೋಲು. ನಮ್ಮ ದೇಶದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ ಆರೂವರೆಯಾದರೆ ಇಲ್ಲಿ ಮಧ್ಯಾಹ್ನ ಹನ್ನೆರಡು. ಬಾಯಿಪಾಠ ಬರುವವರೆಗೆ ಒಪ್ಪಿಸಿಕೊಂಡೆ. ಆಮೇಲೆ ಅವಳ ಪುಸ್ತಕವನ್ನು ಮುಚ್ಚಿ, ನನ್ನ ಕಾಗದಗಳನ್ನು ಬಿಡಿಸಿ, ಹಡಗಿನ ಕೆಟ್ಟ ಗಡಿಯಾರವನ್ನು ಸರಿಪಡಿಸಲು ಕುಳಿತೆ.

ನೀವು ನಗುತ್ತಿದ್ದೀರಿ. ಆಗ ನನ್ನ ಪಕ್ಕದಲ್ಲಿ ನೀವಿದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಮರುದಿನದಿಂದ ಸಾಲುಸಾಲಿಗೂ ಐದೂವರೆ ಗಂಟೆ ಕೂಡಿ, ಹಳೆಯ ಸಮಯದ ಪಕ್ಕದಲ್ಲಿ ಕೆಂಪಿನಲ್ಲಿ ಹೊಸ ಸಮಯ ಬರೆದೆ. ಟೈಪು ಮಾಡುವ ಹುಡುಗಿಯರ ಮುಖ ಸಪ್ಪಗಾಯಿತು.

"ಸರ್, ಪೂರಾ ಫಿರ್ ಸೇ? ಎಲ್ಲ ಮತ್ತೆ ಮೊದಲಿನಿಂದ?" ಎಂದಳು ಒಬ್ಬಳು.

"ಪೂರಾ," ಎಂದೆ.

"ಹಡಗಿನವರು ಯಾವಾಗ ಬೇಕಾದರೂ ಉಣ್ಣಲಿ ಸರ್. ಹಸಿವು ಅವರದು. ನಮಗೇನು?" ಎಂದಳು ಇನ್ನೊಬ್ಬಳು.

ಸತ್ಯಕ್ಕೆ ನಿಷ್ಠರಾಗಿರಬೇಕೆಂಬ ವಿಷಯದ ಮೇಲೆ ನಾನು ಚಿಕ್ಕ ಭಾಷಣವೊಂದನ್ನು ಮಾಡಿದೆ. ಅದು ಅವರ ಮೇಲೆ ಪರಿಣಾಮ ಬೀರಲಿಲ್ಲ. ಆಮೇಲೆ ಎಲ್ಲರಿಗೂ ತಿನ್ನಲು ಖಾರದ ಸೇವ್ ಉಸಲ್ ತರಿಸಿದೆ. ಅದು ಪರಿಣಾಮ ಬೀರಿತು. ಹಸಮುಖಭಾಯಿ ಆ ವಾರವೆಲ್ಲ ಫಲಕಗಳ ಗಲಾಟೆಯಲ್ಲಿದ್ದರು; ಫ್ಲಾಪಿ ಮೂಲ ಕಾಗದಗಳೊಂದಿಗೆ ಅಹಮದಾಬಾದಿಗೆ ಹೋಗುವಾಗ, "ಮಾಸ್ಟರ್‌ಜೀ, ಎಲ್ಲ ಬರೋಬರ್?" ಎಂದಷ್ಟೇ ಕೇಳಿದರು.

"ಬರೋಬರ್‌ಗಿಂತ ಬರೋಬರ್!" ಎಂದೆ.

ಅಹಮದಾಬಾದಿನಿಂದ ಕರೆ ಬಂದಾಗ ನಾವಿಬ್ಬರೂ ಬೆಳಗಿನ ರೈಲಿಗೆ ಹೊರಟೆವು. ಹಸಮುಖಭಾಯಿ ಹೊಸ ಸಫಾರಿ ಸೂಟು ಧರಿಸಿದ್ದರು, ಜೇಬಿನಲ್ಲಿ ಅಂಬಾಮಾತೆಯ ಪ್ರಸಾದ. ದಾರಿಯುದ್ದಕ್ಕೂ ಅವರ ಮೊಣಕಾಲು ಕುಣಿಯುತ್ತಿತ್ತು. "ಫಲಕ ತಯಾರಿಸುವವನಿಗೆ ಕಂಪ್ಯೂಟರ್ ಯಾಕೆ ಎಂದು ನನ್ನ ಅಣ್ಣ ನಗುತ್ತಾನೆ, ಮಾಸ್ಟರ್‌ಜೀ. ಇವತ್ತು ಇದು ಹೋದರೆ ಅವನ ನಗು ನಿಲ್ಲುವುದಿಲ್ಲ." ಅವರ ಕೈ ಅದುಮಿ ಧೈರ್ಯ ಹೇಳಿದೆ. ನನಗೆ ಧೈರ್ಯದ ಕೊರತೆಯಿರಲಿಲ್ಲ. ಕೇಳಿದಾಗ ಯಾವ ಮಾತಿನಿಂದ ಆರಂಭಿಸಬೇಕೆಂಬುದನ್ನಷ್ಟೇ ಯೋಚಿಸುತ್ತಿದ್ದೆ.

ಆಫೀಸಿನಲ್ಲಿ ನಮ್ಮನ್ನು ಬರಮಾಡಿಕೊಂಡ ಹಿರಿಯ ಅಧಿಕಾರಿಯ ಹೆಸರು ಶಾನಭಾಗ್. ನನ್ನ ಹೆಸರು ಕೇಳಿದೊಡನೆ, "ಓಹೋ, ಕನ್ನಡದವರಾ? ನಾನು ಹೊನ್ನಾವರದವ ಮಾರಾಯ್ರೆ!" ಎಂದು ಕೈ ಕುಲುಕಿದರು. ಇದನ್ನು ನಾನು ಶುಭಶಕುನವೆಂದೇ ತಿಳಿದೆ. ಕನ್ನಡಿಗನ ಪ್ರತಿಭೆಯನ್ನು ಕನ್ನಡಿಗನೇ ಗುರುತಿಸುವ ಗಳಿಗೆ!

ದೊಡ್ಡ ಮೇಜಿನ ಮೇಲೆ ಉದ್ದನೆಯ ನಕ್ಷೆಯೊಂದನ್ನು ಬಿಡಿಸಿದ್ದರು. ಎಡಕ್ಕೆ ಸಮುದ್ರ, ಬಲಕ್ಕೆ ಗುಜರಾತಿನ ದಂಡೆ. ನಮ್ಮ ಫ್ಲಾಪಿಗಳೆರಡನ್ನೂ ಸೇರಿಸಿ, ಅವರ ಯಂತ್ರ ಹಡಗಿನ ಗೆರೆಯನ್ನು ಕೆಂಪಿನಲ್ಲಿ ಎಳೆದಿತ್ತು. ಕೆಂಪು ನನಗೆ ಪ್ರಿಯವಾದ ಬಣ್ಣ. ಬಗ್ಗಿ ನೋಡಿದೆ. ಗೆರೆ ಸಮುದ್ರದ ನಡುವಿನಿಂದ ಹೊರಟಿತ್ತು. ಪೂರ್ವಕ್ಕೆ ಸಾಗಿತ್ತು. ದಂಡೆಗೆ ಬಂದಿತ್ತು.

ದಂಡೆಯಲ್ಲಿ ನಿಂತಿರಲಿಲ್ಲ.

"ಇದು ಎಂತದು ಮಾರಾಯ್ರೆ?" ಎಂದರು ಶಾನಭಾಗರು, ಗೆರೆಯ ಮೇಲೆ ಬೆರಳಾಡಿಸುತ್ತ. "ಹಡಗು ದಂಡೆ ಹತ್ತಿತು. ತಾಪಿ ನದಿಯಲ್ಲಾದರೂ ಹೋಯ್ತಾ ಅಂದ್ರೆ, ಅದೂ ಇಲ್ಲ. ಗದ್ದೆ ದಾಟಿತು. ಸೂರತ್ ಪೇಟೆ ಹೊಕ್ಕಿತು. ಇಲ್ಲಿ ನೋಡಿ, ರಿಂಗ್ ರೋಡಿನ ಸೀರೆ ಅಂಗಡಿಗಳ ಮಧ್ಯ ಢಂ ಢಂ ಅಂತ ಬಂದೂಕು ಹಾರಿಸಿದೆ!"

ಹಸಮುಖಭಾಯಿಗೆ ಕನ್ನಡ ಬಾರದು. ಆದರೆ ಬೆರಳು ಸೂರತ್ತಿನ ಮೇಲಿರುವುದು ಕಾಣುತ್ತಿತ್ತು. "ಅರೇ ಬಾಪ್ ರೇ," ಎಂದು ಕುರ್ಚಿಯಲ್ಲಿ ಕುಸಿದರು. "ಮಾಸ್ಟರ್‌ಜೀ, ಆ ಶುಂ ಛೇ? ಇದೇನಿದು?"

ಇಡೀ ಊರಿನಲ್ಲಿ ಸೂರತ್ತಿಗೆ ಹೋಗದೆ ಉಳಿದವನು ನಾನೊಬ್ಬನೇ ಎಂಬ ಯೋಚನೆ ನನಗೆ ಬಂತು.

"ಇನ್ನೊಂದು ಚಂದ ಕೇಳಿ," ಎಂದರು ಶಾನಭಾಗರು. "ಮೊದಲ ಐದೂವರೆ ಗಂಟೆ ಹಡಗು ಸದ್ದೇ ಇಲ್ಲದೆ ಹೋಗಿದೆ. ಕೊನೆಯ ಐದೂವರೆ ಗಂಟೆ ಹಡಗೇ ಇಲ್ಲದೆ ಸದ್ದಾಗಿದೆ! ಹಡಗು ಎಲ್ಲುಂಟು ಅಂತ ಗೊತ್ತಾಗದೆ ಕಂಪ್ಯೂಟರ್ ಪಾಪ, ಅದೇ ದಿಕ್ಕಿನಲ್ಲಿ ಗೆರೆ ಎಳೆದುಕೊಂಡು ಹೋಯ್ತು. ಯಾರು ಮಾರಾಯ್ರೆ ಸಮಯ ಬದಲಿಸಿದ್ದು?"

ಕೇಳಿದರು! ನಾನು ಹೇಳಿದಂತೆಯೇ, ಯಾರು ಎಂದು ತಾವಾಗಿಯೇ ಕೇಳಿದರು. ಎದ್ದು ನಿಂತೆ. ರೈಲಿನಲ್ಲಿ ಸಿದ್ಧಪಡಿಸಿದ್ದ ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ. "ನಾನು," ಎಂದೆ. "ಸದ್ದಿನ ಕೋಣೆಯ ಗಡಿಯಾರ ಕೆಟ್ಟಿತ್ತು. ಬರೆದವರು ಬೆಳಿಗ್ಗೆ ಆರೂವರೆಗೆ ಮಧ್ಯಾಹ್ನದ ಊಟ ಮಾಡಿದ್ದರು. ಮೀನಿನ ಸಾರು. ಅದು ಅಸಂಭವವಾದ್ದರಿಂದ..."

ಶಾನಭಾಗರು ನನ್ನನ್ನೇ ದಿಟ್ಟಿಸಿದರು. ಕಪಾಟಿನಿಂದ ಮೂಲ ಕಾಗದ ತರಿಸಿದರು. ನನ್ನ ಕೆಂಪು ಶಾಯಿಯ ನಡುವೆ ಆ ಊಟದ ಷರಾವನ್ನು ಓದಿದರು. ಅವರ ಹೊಟ್ಟೆ ಮೊದಲು ನಡುಗಿತು, ಆಮೇಲೆ ಭುಜ, ಕೊನೆಗೆ ಇಡೀ ಮೇಜು.

"ಇದು ನಾನು ಬರೆದದ್ದು ಮಾರಾಯ್ರೆ!" ಎಂದು ಕಣ್ಣೊರೆಸಿಕೊಂಡರು. "ಕೆಲಸಕ್ಕೆ ಸೇರಿ ಮೊದಲ ಸಲ ಹಡಗು ಹತ್ತಿದ್ದೆ. ಕಡಲ ದಂಡೆಯವ ಅಂತ ಜಂಬ ಬೇರೆ! ವಾಂತಿಯೋ ವಾಂತಿ. ಒಂದು ತುತ್ತು ಒಳಗೆ ಇಳೀಲಿಲ್ಲ. ಉಳಿದವರು ಉಣ್ಣುವುದನ್ನು ನೋಡಿ ನೋಡಿ, ಹೊಟ್ಟೆಗೆ ಹೋಗದ್ದನ್ನು ಕಾಗದಕ್ಕಾದರೂ ಹಾಕುವಾ ಅಂತ ಬರೆದೆ. ನನಗೂ ಬೈಗಳ ಬಿದ್ದಿತ್ತು, ಷರಾ ಕಾಲಮ್ಮಿನಲ್ಲಿ ಅಡುಗೆಮನೆ ಯಾಕೆ ಅಂತ."

"ಆದರೆ ಗಡಿಯಾರ..." ಎಂದೆ.

"ಗಡಿಯಾರ ಸರಿಯಾಗಿಯೇ ಇತ್ತು. ಸರ್ವೆ ಮಾಡುವಾಗ ಎರಡೂ ಕೋಣೆಯಲ್ಲಿ ಗ್ರೀನ್‌ವಿಚ್ ಸಮಯವೇ ಬರೆಯೋದು. ಎಲ್ಲಿಯ ಸಮುದ್ರಕ್ಕೆ ಹೋದರೂ ಲೆಕ್ಕ ಒಂದೇ ಇರಲಿ ಅಂತ. ನಮ್ಮ ಹೊಟ್ಟೆಗೆ ಹನ್ನೆರಡು, ಗೋಡೆಯ ಗಡಿಯಾರಕ್ಕೆ ಆರೂವರೆ."

ಗ್ರೀನ್‌ವಿಚ್! ಮಗಳಿಗೆ ಬಾಯಿಪಾಠ ಮಾಡಿಸಿದ ಗ್ರೀನ್‌ವಿಚ್! ಅಲ್ಲಿ ಆರೂವರೆ, ಇಲ್ಲಿ ಹನ್ನೆರಡು. ಲೆಕ್ಕಕ್ಕೆ ಉದಾಹರಣೆ ಕೊಟ್ಟವನೂ ನಾನೇ! ನೆಲ ಬಿರಿದು ನನ್ನನ್ನು ನುಂಗಬಾರದೇ ಎಂದುಕೊಂಡೆ. ನೆಲ ಗಟ್ಟಿಯಾಗಿತ್ತು. ವಧುವಿಗೊಂದು ಮುಹೂರ್ತ, ವರನಿಗೊಂದು ಮುಹೂರ್ತ ಇಟ್ಟು, ವರನನ್ನು ಒಂಟಿಯಾಗಿ ಸೂರತ್ತಿಗೆ ಕಳುಹಿಸಿದ ಪುರೋಹಿತ ನಾನು.

ಹಸಮುಖಭಾಯಿಗೆ ವಿಷಯವನ್ನು ಹಿಂದಿಯಲ್ಲಿ ವಿವರಿಸಲಾಯಿತು. ಅವರು ನನ್ನ ಕಡೆ ತಿರುಗಿದರು. ಬೈದಿದ್ದರೆ ಸಹಿಸುತ್ತಿದ್ದೆ. "ನೊಣ, ಮಾಸ್ಟರ್‌ಜೀ," ಎಂದರು ಮೆಲ್ಲಗೆ. "ಒಂದೇ ಒಂದು ನೊಣ ಅಂಟಿಸಿ ಅಂದಿದ್ದೆ." ಪ್ರಸಾದದ ಪೊಟ್ಟಣವನ್ನು ಜೇಬಿನಿಂದ ತೆಗೆದು, ನೋಡಿ, ಮರಳಿ ಒಳಗಿಟ್ಟುಕೊಂಡರು. ನನಗೆ ಕಣ್ಣು ಮಂಜಾಯಿತು. ನನ್ನ ಕೆಲಸ ಹೋದರೆ ಹೋಗಲಿ. ಈ ಮನುಷ್ಯನ ಅಣ್ಣ ನಗಬಾರದು.

"ಸಾಹೇಬರೇ," ಎಂದೆ ಶಾನಭಾಗರಿಗೆ, "ತಪ್ಪು ಸಂಪೂರ್ಣವಾಗಿ ನನ್ನದು. ಇವರು ಬೇಡವೆಂದದ್ದನ್ನು ನಾನು ಮಾಡಿದ್ದೇನೆ. ನನ್ನನ್ನು ತೆಗೆದುಹಾಕಿ, ಕೆಲಸವನ್ನು ಇವರಿಗೇ ಕೊಡಬೇಕು."

ಶಾನಭಾಗರು ಪಕ್ಕದ ಕೋಣೆಯ ತಂತ್ರಜ್ಞನನ್ನು ಕರೆದು, ಸದ್ದಿನ ಸಮಯದಲ್ಲೆಲ್ಲ ಐದೂವರೆ ಗಂಟೆ ಕಳೆದು ಮತ್ತೊಮ್ಮೆ ಎಳೆಯಲು ಹೇಳಿದರು. ನಾವು ಕಾದೆವು. ಯಂತ್ರ ಕಿರ್‍ರೆಂದಿತು. ಹೊಸ ಕಾಗದ ಹೊರಬಂತು. ಹಡಗು ಸಮುದ್ರದಲ್ಲಿತ್ತು! ಹೊರಟಲ್ಲಿಂದ ನಿಂತಲ್ಲಿಯವರೆಗೆ ದಾರದಂತೆ ನೇರ; ಪ್ರತಿ ಢಂ ತನ್ನ ತನ್ನ ಜಾಗದಲ್ಲಿ.

"ನೋಡಿ," ಎಂದರು ಅವರು, ಗೆರೆಗೆ ಮೂಗು ತಾಗುವಷ್ಟು ಬಗ್ಗಿ. "ಬೇರೆ ಕಡೆ ಕೊಟ್ಟು ನೋಡಿದ್ದೆವು. ಅಲ್ಲೊಂದು ಅಂಕಿ ತಪ್ಪು, ಇಲ್ಲೊಂದು ಸಾಲು ಮಾಯ. ಗೆರೆ ಹಲ್ಲಿಯ ಬಾಲದ ಹಾಗೆ ಬಂತು. ಇದರಲ್ಲಿ ಒಂದು ಕೊಂಕಿಲ್ಲ. ತಪ್ಪನ್ನೂ ಇಷ್ಟು ತಪ್ಪಿಲ್ಲದೆ ಮಾಡುವವರನ್ನು ನಾನು ನೋಡಿಲ್ಲ ಮಾರಾಯ್ರೆ! ಕೆಲಸ ನಿಮಗೇ. ತಾಳೆ ನೋಡುವವರು ಇವರೇ ಇರಲಿ. ಒಂದೇ ಷರತ್ತು. ಕೆಂಪು ಪೆನ್ನು ಇಲ್ಲಿ ಕೊಟ್ಟು ಹೋಗಬೇಕು."

ಪೆನ್ನನ್ನು ಎರಡೂ ಕೈಯಲ್ಲಿ ಒಪ್ಪಿಸಿದೆ. ಹಸಮುಖಭಾಯಿ ಪ್ರಸಾದದ ಪೊಟ್ಟಣ ಬಿಚ್ಚಿದರು. ಆಮೇಲೆ ಶಾನಭಾಗರು ನಮ್ಮನ್ನು ಉಡುಪಿ ಹೋಟೆಲೊಂದಕ್ಕೆ ಕರೆದೊಯ್ದು ಊಟ ಹಾಕಿಸಿದರು. ಅವರು ಕೈಗಡಿಯಾರ ನೋಡಿ, "ಆರೂವರೆ ಆಯ್ತು, ಸುರು ಮಾಡುವಾ," ಎಂದಾಗ ನಾನೂ ನಕ್ಕೆ. ಸಾರು ನಿಜವಾಗಿಯೂ ಚೆನ್ನಾಗಿತ್ತು.

ಮನೆಗೆ ಬಂದು ಎಲ್ಲವನ್ನೂ ಒಪ್ಪಿಸಿದೆ. ಅನಘಾ ಬಾಯಿ ತೆರೆದು ಕುಳಿತಳು. "ಲೇಕಿನ್ ಅಪ್ಪಾ, ನೀವೇ ತೋ ನನಗೆ ಹೇಳಿದ್ರಿ! ಅದೇ ಕ್ವೆಶ್ಚನ್ ಬಂದಿತ್ತು. ನನಗೆ ಪೂರಾ ಮಾರ್ಕ್ಸ್."

"ಮನೇಲಿ ಒಬ್ಬರಾದ್ರೂ ಪಾಸಾದ್ರಲ್ಲ," ಎಂದಳು ವಿಶಾಲಾಕ್ಷಿ. ಆಮೇಲೆ, "ಹಡಗು ಕೂಡ ಹೋಗಿ ಬಂತಂತೆ ಸೂರತ್ತಿಗೆ. ನಾವು ಯಾವಾಗ?" ಎಂದು ಕೇಳಿದಳು. ಮುಂದಿನ ಭಾನುವಾರವೇ ಹೋದೆವು. ರಿಂಗ್ ರೋಡಿನ ಅಂಗಡಿಯಲ್ಲಿ ಅವಳು ಸೀರೆಗಳನ್ನು ಬಿಡಿಸಿ ನೋಡುತ್ತಿದ್ದಾಗ ಅಂಗಡಿಯವನು, "ಸಾಹೇಬರು ಏನು ಮಾಡುತ್ತಾರೆ?" ಎಂದು ಕೇಳಿದ. ಅವಳು ಒಂದು ಕ್ಷಣವೂ ತಡೆಯಲಿಲ್ಲ. "ಸಮುದ್ರದ ಸರ್ವೆ ಕೆಲಸದಲ್ಲಿದಾರೆ," ಎಂದಳು. ಅಂಗಡಿಯ ಕಂಬಕ್ಕೊರಗಿ ನಿಂತಿದ್ದ ನಾನು ನೇರವಾಗಿ ನಿಂತುಕೊಂಡೆ.

ಕಾಗದಗಳು ಲಾರಿಯಲ್ಲಿ ಮಕರಪುರಕ್ಕೆ ಬಂದವು. ಹಸಮುಖಭಾಯಿ ನನ್ನ ಮೇಜಿನ ಎದುರಿನ ಗೋಡೆಗೆ ಹೊಸ ಗಡಿಯಾರವೊಂದನ್ನು ತೂಗುಹಾಕಿಸಿ, ಇನ್ನು ಮುಂದೆ ಯಾವ ಗೊಂದಲಕ್ಕೂ ಆಸ್ಪದವಿರಬಾರದೆಂದು ಅದರ ಮುಳ್ಳುಗಳನ್ನು ಗ್ರೀನ್‌ವಿಚ್ ಸಮಯಕ್ಕೆ ತಿರುಗಿಸಿದರು. ನಾನು ಕೃತಜ್ಞತೆಯಿಂದ ಕೈಮುಗಿದೆ.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಬಂದೆ. ಚಪ್ಪಲಿ ಹೊರಗೆ ಬಿಟ್ಟೆ. ಒಳಗೆ ಬಂದು ಗೋಡೆ ನೋಡಿದೆ. ನನ್ನ ಕೈಗಡಿಯಾರದಲ್ಲಿ ಹತ್ತು ಗಂಟೆ, ಗೋಡೆಯಲ್ಲಿ ನಾಲ್ಕೂವರೆ. ಛೆ, ಹೊಸ ಗಡಿಯಾರ, ಒಂದೇ ದಿನಕ್ಕೆ ಕೆಟ್ಟುಹೋಯಿತಲ್ಲ ಎಂದು ಮರುಗಿ, ಕುರ್ಚಿ ಎಳೆದು, ಹತ್ತಿ, ಮುಳ್ಳನ್ನು ಹತ್ತಕ್ಕೆ ತಂದು ನಿಲ್ಲಿಸುತ್ತಿದ್ದೆ. ಹಿಂದಿನಿಂದ ಹಸಮುಖಭಾಯಿಯ ಸ್ವರ ಕೇಳಿಸಿತು, ಬಹಳ ಮೃದುವಾಗಿ:

"ಮಾಸ್ಟರ್‌ಜೀ, ನೀಚೇ ಉತರೋ. ಕೆಳಗಿಳಿಯಿರಿ."

ಇಳಿದೆ. ಈಗ ಆ ಗಡಿಯಾರ ಚಾವಣಿಯ ಹತ್ತಿರ ತೂಗುತ್ತಿದೆ. ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತಿದರೂ ಕೈಗೆ ಎಟುಕುವುದಿಲ್ಲ. ನೋಡಿದ್ದೇನೆ!